ನವೆಂಬರ್ ಪುಟದ ಕಾಡು

"ನವೆಂಬರಿಗೆ ಕಾಡು ಬೇಕು ಮಾರಾಯ," ಎಂದರು ನಮ್ಮ ಮ್ಯಾನೇಜರು. "ಕಾಡು, ಅದರ ಮೇಲೆ ಮಂಜು, ಹಳದಿ-ಕೆಂಪು ಎಲೆ. ಎಲೆಯ ಅಂಚಿನಲ್ಲಿ ಸ್ವಲ್ಪ ಹಿಮ ಕೂತಿದ್ದರೆ ಇನ್ನೂ ಒಳ್ಳೆಯದು."

ನಾನು ಕಿಟಕಿಯಿಂದ ಹೊರಗೆ ನೋಡಿದೆ. ಕಣ್ಣು ಕುಕ್ಕುವ ಬಿಸಿಲು. ರಸ್ತೆಯ ಆಚೆ ಒಂದು ಕಟ್ಟಡ ಏಳುತ್ತಿತ್ತು, ಅದರ ಆಚೆ ಇನ್ನೊಂದು. ಆ ವರ್ಷಗಳಲ್ಲಿ ದೋಹಾದಲ್ಲಿ ಮರಕ್ಕಿಂತ ಕ್ರೇನು ಹೆಚ್ಚು.

"ಸರ್, ಕತಾರಿನಲ್ಲಿ ಹಿಮವಾ?"

"ಸಿಗುತ್ತದಾ ಇಲ್ಲವಾ ಅಂತ ನಾನು ಕೇಳಿದ್ದಲ್ಲ. ಬೇಕು ಅಂತ ಹೇಳಿದ್ದು."

ನಾನಾಗ ಒಂದು ಜಾಹೀರಾತು ಕಚೇರಿಯ ಫೋಟೋಗ್ರಾಫರ್. ಸೋಫಾ, ಗೀಸರು, ಬಿರಿಯಾನಿ ತಟ್ಟೆ, ಚಿನ್ನದ ಬಳೆ, ಇವುಗಳ ಪಟ ತೆಗೆಯುವುದು ಕೆಲಸ. ಆ ವರ್ಷ ಒಂದು ದೊಡ್ಡ ಕಂಪನಿ ಗೋಡೆ ಕ್ಯಾಲೆಂಡರು ಮಾಡಿಕೊಡಲು ಹೇಳಿತ್ತು. ತಿಂಗಳಿಗೊಂದು ಪಟ, ಎಲ್ಲವೂ ಕತಾರಿನೊಳಗೇ ತೆಗೆದದ್ದಾಗಿರಬೇಕು, ಕೆಳಗೆ ಜಾಗದ ಹೆಸರು ಅಚ್ಚಾಗಬೇಕು ಎಂಬುದು ಅವರ ಷರತ್ತು. ಜಾಗದ ಹೆಸರಿನ ಪಕ್ಕ ಪಟ ತೆಗೆದವನ ಹೆಸರೂ ಇರುತ್ತದೆ ಎಂದು ಮ್ಯಾನೇಜರು ನನಗೆ ಮಾತು ಕೊಟ್ಟಿದ್ದರು. ನಗಬೇಡಿ, ಅಲ್ಲಿಯವರೆಗೆ ನನ್ನ ಹೆಸರು ಎಲ್ಲಿಯೂ ಅಚ್ಚಾದದ್ದಿಲ್ಲ. ಬಿರಿಯಾನಿಯ ಕೆಳಗೆ ಯಾರು ಹೆಸರು ಹಾಕುತ್ತಾರೆ ಹೇಳಿ?

ಗಲ್ಫಿನಲ್ಲಿ ಕ್ಯಾಲೆಂಡರೆಂದರೆ ಸಣ್ಣ ಸಂಗತಿಯೂ ಅಲ್ಲ. ವರ್ಷ ಮುಗಿಯುತ್ತ ಬಂದ ಹಾಗೆ ನಮ್ಮ ಮಂಗಳೂರು-ಉಡುಪಿ ಕಡೆಯವರು ಒಳ್ಳೆಯ ಕ್ಯಾಲೆಂಡರಿಗಾಗಿ ಪರಿಚಯದವರಿಗೆಲ್ಲ ಫೋನು ಹಚ್ಚುತ್ತಾರೆ. ಒಂದು ಇಲ್ಲಿಯ ಗೋಡೆಗೆ, ಒಂದು ಊರಿನ ಗೋಡೆಗೆ. ಆ ಎರಡೂ ಗೋಡೆಗಳ ಮೇಲೆ ವರ್ಷವಿಡೀ ನನ್ನ ಹೆಸರು ತೂಗುತ್ತದಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದ್ದೆ. ದುಖಾನಿನ ಕಲ್ಲುಗುಡ್ಡ, ಬಂದರಿನ ಮರದ ಹಡಗು, ಮಣ್ಣಿನ ಕೋಟೆ, ಎಲ್ಲ ಮುಗಿದಿತ್ತು. ಉಳಿದದ್ದು ನವೆಂಬರು.

ಮ್ಯಾನೇಜರ ಮನಸ್ಸಿನಲ್ಲಿದ್ದದ್ದು ಯಾವುದೋ ಚಳಿದೇಶದ ಕಾಡು. ಅವರ ಮೇಜಿನ ಮೇಲಿದ್ದ ವಿದೇಶಿ ಪತ್ರಿಕೆಯಲ್ಲಿ ಅಂಥದ್ದೊಂದು ಪಟ ನಾನೂ ನೋಡಿದ್ದೆ. ಆದರೆ ಅವರು ಕೇಳಿದ ಒಂದೊಂದು ವಸ್ತುವನ್ನೂ ನಾನು ಬೆರಳು ಮಡಚಿ ಯೋಚಿಸಿದೆ. ಯೋಚಿಸಿದ ಹಾಗೆಲ್ಲ ಮೈ ಜುಮ್ಮೆಂದಿತು. ಎಲ್ಲವೂ ಇಲ್ಲೇ ಇತ್ತು!

ಅಲ್ ಖೋರ್ ದಾಟಿ ಉತ್ತರಕ್ಕೆ ಹೋದರೆ ಸಮುದ್ರ ಒಳನುಗ್ಗಿದ ಜಾಗದಲ್ಲಿ ಕಾಂಡ್ಲದ ಕಾಡುಂಟು. ನಮ್ಮ ಊರಿನ ಹೊಳೆಬಾಯಿಯಲ್ಲಿ ಬೆಳೆಯುತ್ತದಲ್ಲ, ಉಪ್ಪುನೀರಲ್ಲಿ ನಿಂತುಕೊಂಡೇ ಬದುಕುವ ಗಿಡ, ಅದರ ಬಳಗದ್ದೇ. ಚಳಿಗಾಲ ಕಾಲಿಡುವಾಗ ಅದರ ಹಳೆಯ ಎಲೆಗಳು ಒಂದೊಂದಾಗಿ ಹಳದಿಯಾಗುತ್ತವೆ. ಕಾಡಿನ ಅಂಚಿನ ಕೆಸರಿನಲ್ಲಿ ಮಣಿ ಪೋಣಿಸಿದಂಥ ಕಾಂಡದ ಒಂದು ಕುಳ್ಳ ಉಪ್ಪುಗಿಡ ಹಬ್ಬಿರುತ್ತದೆ. ಬೇಸಗೆಯಲ್ಲಿ ಹಸಿರು, ನವೆಂಬರಿಗೆ ಕುಂಕುಮ. ಬೆಳಗ್ಗೆ ಸಮುದ್ರದಿಂದ ಮಂಜು ಬರುತ್ತದೆ, ವಿಮಾನಗಳನ್ನೇ ನಿಲ್ಲಿಸುವಂಥ ಮಂಜು. ಇನ್ನು ಹಿಮ. ಕಾಂಡ್ಲದ ಎಲೆ ತಾನು ಕುಡಿದ ಉಪ್ಪನ್ನು ಬೆವರಿ ಹೊರಹಾಕುತ್ತದೆ. ಅದು ಒಣಗಿ ಎಲೆಯ ಮೇಲೆ ಬಿಳಿ ಹರಳಾಗಿ ಕೂರುತ್ತದೆ. ಬೆಳಗಿನ ಓರೆ ಬಿಸಿಲಿಗೆ ಮಿನುಗುವ ಆ ಹುಡಿಗೆ ಹಿಮ ಎನ್ನಿ, ಏನು ಬೇಕಾದರೂ ಎನ್ನಿ, ನಾಲಗೆಗೆ ಮಾತ್ರ ಉಪ್ಪು.

"ಸಿಗುತ್ತದೆ ಸರ್," ಎಂದೆ.

"ನೋಡಿದೆಯಾ? ಕೇಳಿದರೆ ಎಲ್ಲ ಸಿಗುತ್ತದೆ," ಎಂದು ಅವರು ಕುರ್ಚಿ ತಿರುಗಿಸಿದರು.

ಕಚೇರಿಯ ಗಾಡಿಯ ಡ್ರೈವರು ಕಾಸರಗೋಡಿನವರು. ವಯಸ್ಸಾದವರು, ಎಲ್ಲರೂ ಅವರನ್ನು ಇಕ್ಕ, ಅಂದರೆ ಅಣ್ಣ, ಎನ್ನುವುದು. ಅವರ ಕನ್ನಡಕ್ಕೆ ಮಲಯಾಳದ ಬಾಲ. ಮೊದಲ ದಿನ ಬೆಳಕು ಹರಿಯುವ ಮೊದಲೇ ಅಲ್ ಮುಂತಜಾದ ನನ್ನ ರೂಮಿನ ಕೆಳಗೆ ಬಂದು ಹಾರ್ನ್ ಹೊಡೆದರು. ದಾರಿಯುದ್ದಕ್ಕೂ ಎಂಥ ಮಂಜೆಂದರೆ ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಲೋಕವೇ ಇಲ್ಲ. ನನಗೋ ಮದುವೆಗೆ ಹೊರಟ ಸಂಭ್ರಮ. ಮುಟ್ಟಿದ ಕೂಡಲೇ ಇಳಿದು, ಟ್ರೈಪಾಡ್ ಊರಿ, ಕ್ಯಾಮೆರಾ ಏರಿಸಿ, ಕಣ್ಣಿಟ್ಟೆ. ಏನೂ ಕಾಣದು. ಹೊರಗಿನ ಮಂಜು ಸಾಲದೆಂದು ಲೆನ್ಸಿನ ಮೇಲೆ ಇನ್ನೊಂದು ಮಂಜು! ಒರೆಸಿದರೆ ಮತ್ತೆ ಕೂರುತ್ತದೆ.

ಆಮೇಲೆ ಹೊಳೆಯಿತು. ಗಲ್ಫಿನ ಡ್ರೈವರಿಗೆ ಎಸಿ ಹಾಕದೆ ಗಾಡಿ ಓಡಿಸಲು ಬರುವುದಿಲ್ಲ. ಚಳಿಗಾಲವಾಗಲಿ ಬೇಸಗೆಯಾಗಲಿ, ಕೀಲಿ ತಿರುಗಿಸಿದ ಕೈ ತಾನಾಗಿ ಎಸಿಗೆ ಹೋಗುತ್ತದೆ. ದಾರಿಯುದ್ದಕ್ಕೂ ಕ್ಯಾಮೆರಾ ಆ ಶೀತದಲ್ಲಿ ಕೂತಿತ್ತು. ಹೊರಗಿನ ಒದ್ದೆ ಗಾಳಿ ತಗಲಿದ್ದೇ ತಡ, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ ಬೆವರಿತು. ಗಾಜು ತಿಳಿಯಾಗುವ ಹೊತ್ತಿಗೆ ಸೂರ್ಯ ಮೇಲೆ ಬಂದು, ಮಂಜು ಮಾಯ.

"ಇಕ್ಕಾ, ನಾಳೆಯಿಂದ ಎಸಿ ಬೇಡ."

"ಅಯ್ಯೋ, ಎಸಿ ಇಲ್ಲದೆ ನಿದ್ದೆ ಬರ್ತದೆ ಸಾರೇ."

"ಕಿಟಕಿ ತೆಗೆದು ಓಡಿಸಿ."

"ನನಗೆ ಶೀತ ಆದ್ರೆ ನಿಮ್ಮ ಮ್ಯಾನೇಜರ್ ಕಷಾಯ ಮಾಡಿ ಕೊಡ್ತಾನಾ?" ಎಂದರು ಇಕ್ಕ. ಆದರೂ ಮರುದಿನ ಕಿವಿಗೆ ಮಫ್ಲರ್ ಸುತ್ತಿಕೊಂಡು, ಕಿಟಕಿ ತೆರೆದುಕೊಂಡೇ ಬಂದರು. ನಾನು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತೊಡೆಯ ಮೇಲಿಟ್ಟುಕೊಂಡೆ.

ಅಂದು ಲೆನ್ಸು ಸ್ವಚ್ಛ, ಮಂಜು ದಟ್ಟ, ಕುಂಕುಮದ ಗಿಡ ಕಾಲ ಬುಡದಲ್ಲಿ. ಹಿಮ ಮಾತ್ರ ಇಲ್ಲ. ಎಲೆ ಎಲೆ ಮುಟ್ಟಿ ನೋಡಿದೆ, ಬರೀ ನೀರು. ನೆಕ್ಕಿದೆ, ಉಪ್ಪುನೀರು. ಮಂಜಿನ ಪಸೆಗೆ ಹರಳೆಲ್ಲ ಕರಗಿ ಹನಿಯಾಗಿತ್ತು. ಹಾಗೆ ನೋಡಿದರೆ ಇದು ಅಡುಗೆ ಮನೆಯ ವಿದ್ಯೆ, ಮಳೆಗಾಲದಲ್ಲಿ ಉಪ್ಪಿನ ಭರಣಿ ತೆರೆದಿಟ್ಟರೆ ಏನಾಗುತ್ತದೆಂದು ಯಾರಿಗೆ ಗೊತ್ತಿಲ್ಲ? ನನಗೆ ಅದು ಹೊಳೆಯಲು ಮೊಣಕಾಲವರೆಗೆ ಕೆಸರಲ್ಲಿ ಹುಗಿಯಬೇಕಾಯಿತು. ಒಂದು ಶೂ ಇವತ್ತಿಗೂ ಅಲ್ಲೇ ಉಂಟು.

ಮುಂದಿನ ಸಲ ಒಣ ಬಡಗಣ ಗಾಳಿ ಬೀಸಿತು. ಎಲೆಗಳ ಮೇಲೆ ಉಪ್ಪು ಪಳಪಳ ಹೊಳೆಯಿತು, ಮಂಜಿನ ಸುಳಿವಿಲ್ಲ. ಮಂಜಿದ್ದರೆ ಉಪ್ಪಿಲ್ಲ, ಉಪ್ಪಿದ್ದರೆ ಮಂಜಿಲ್ಲ. ಅತ್ತೆ ಇದ್ದಲ್ಲಿ ಸೊಸೆ ಇಲ್ಲ ಎಂಬ ಹಾಗೆ. ಒಂದೇ ಚೌಕಟ್ಟಿನಲ್ಲಿ ಎರಡನ್ನೂ ಕೂರಿಸುವುದು ಹೇಗೆ? ಕಚೇರಿಗೆ ಬಂದರೆ ಮ್ಯಾನೇಜರು, "ಎಂಥ ಮಾರಾಯ, ದಿನಾ ಪಿಕ್‌ನಿಕ್ಕಾ? ಖಲಾಸ್ ಮಾಡು ಬೇಗ," ಎನ್ನುತ್ತಿದ್ದರು.

ಉಪಾಯ ಹೊಳೆದದ್ದು ನೆಲ ನೋಡುವಾಗ. ಕಾಡಿನ ಪೂರ್ವದ ಅಂಚಿನಲ್ಲಿ ಒಂದು ಮರಳ ದಿಬ್ಬವುಂಟು, ಅದರ ಮೇಲೆ ನಾಲ್ಕಾರು ಕಾಂಡ್ಲ. ಆ ಎಲೆಗಳಿಗೆ ಮೊದಲ ಬಿಸಿಲು ತಗಲುತ್ತದೆ, ಗಾಳಿಯೂ ಮೊದಲು ಅಲ್ಲಿಗೇ. ಹಿಂದಿನ ತಗ್ಗಿನಲ್ಲಿ ನೀರಿನ ಮೇಲೆ ಮಂಜು ಇನ್ನೂ ಸ್ವಲ್ಪ ಹೊತ್ತು ತಳವೂರಿರುತ್ತದೆ. ಎದುರಿನ ಎಲೆ ಒಣಗಿ ಉಪ್ಪು ಮತ್ತೆ ಹರಳುಗಟ್ಟುವುದಕ್ಕೂ ಹಿಂದಿನ ಮಂಜು ಏಳುವುದಕ್ಕೂ ನಡುವೆ ಒಂದು ಸಂದು. ಆ ಸಂದಿನಲ್ಲಿ ಪಟ ಸಿಗಬೇಕು.

ಸಿಕ್ಕಿತು. ಸುಮ್ಮನೆ ಸಿಗಲಿಲ್ಲ, ಹಲವು ಬೆಳಗು ಇಕ್ಕನ ಬೈಗುಳ ತಿಂದು ಸಿಕ್ಕಿತು. ಅಂದು ದಿಬ್ಬದ ಮೇಲೆ ಕ್ಯಾಮೆರಾ ಹೂಡಿ ಕಾದೆ. ನಾವು ಹಾಕುತ್ತಿದ್ದದ್ದು ಸ್ಲೈಡ್ ಫಿಲ್ಮ್, ಬೆಳಕಿನ ಅಂದಾಜು ಚೂರು ತಪ್ಪಿದರೂ ಕ್ಷಮಿಸುವ ಜಾತಿಯಲ್ಲ. ಬೆಳಕು ಅಳೆಯುವ ಮೀಟರಿಗೆ ಮಂಜು ಕಂಡರೆ ಬೆಳಕು ಜಾಸ್ತಿಯಾಯಿತೆಂಬ ಭ್ರಮೆ. ಅದು ಹೇಳಿದ್ದನ್ನು ಕೇಳಿದರೆ ಬಿಳಿ ಮಂಜು ಬೂದಿಯಾಗಿ ಬರುತ್ತದೆ. ಹಾಗಾಗಿ ಅದು ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡು ಪಟ್ಟು ಬೆಳಕು ಕೊಟ್ಟೆ. ಬಣ್ಣ ಬೆಚ್ಚಗಾಗಲೆಂದು ಹಾಕುವ ಕಂದು ಗಾಜು ಜೇಬಿನಲ್ಲಿತ್ತು, ಹೊರಗೆ ತೆಗೆಯಲಿಲ್ಲ. ಅಲ್ಲಿದ್ದ ಬಣ್ಣಕ್ಕೆ ನನ್ನ ಸಹಾಯ ಬೇಕಿರಲಿಲ್ಲ. ಸೂರ್ಯ ಒಂದು ಗೇಣು ಏರಿದ. ಎದುರಿನ ರೆಂಬೆಯಲ್ಲಿ ಹನಿಗಳು ಬತ್ತುತ್ತ ಬತ್ತುತ್ತ ಎಲೆಯ ನಡುನರದ ಗುಂಟ ಬೆಳ್ಳಗೆ ಹುಡಿ ಮೂಡಿತು. ಕೆಳಗೆ ಕುಂಕುಮ, ನಡುವೆ ಹಳದಿ ಎಲೆ, ಹಿಂದೆ ಮಂಜಿನೊಳಗೆ ತೇಲಿದ ಹಾಗೆ ಇಡೀ ಕಾಡು. ಕೇಳದೆಯೇ ಒಂದು ಕೊಕ್ಕರೆ ಬಂದು ನೀರಿನಲ್ಲಿ ನಿಂತಿತು. ಒತ್ತಿದೆ.

"ಕಿಟ್ಟಿಯಾ?" ಎಂದರು ಇಕ್ಕ ಗಾಡಿಯಿಂದಲೇ.

"ಸಿಕ್ಕಿತು ಇಕ್ಕಾ!"

"ಪಡೆಚ್ಚೋನ್, ಆ ದೇವರು ದೊಡ್ಡವ. ಇನ್ನು ಎಸಿ ಹಾಕ್ತೇನೆ."

ಲ್ಯಾಬಿನಿಂದ ಬಂದ ಸ್ಲೈಡನ್ನು ಮ್ಯಾನೇಜರು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದರು. "ಚೆಂದ ಉಂಟು ಮಾರಾಯ," ಎಂದು ಡಿಸೈನರನ ಕೈಗೆ ಕೊಟ್ಟರು. ನಾನು ಸೋಫಾಗಳ ಕಡೆಗೆ ಮರಳಿದೆ.

ಕೆಲವು ದಿನಗಳ ಮೇಲೆ ಅಚ್ಚಿಗೆ ಮೊದಲು ನೋಡುವ ಪ್ರೂಫು ಬಂತು. ನವೆಂಬರ್ ಪುಟ ತಿರುಗಿಸಿದೆ. ಇದು ಯಾರದೋ ಪಟ, ಪುಟ ಅದಲುಬದಲಾಗಿದೆ ಎಂದುಕೊಂಡೆ. ಆಮೇಲೆ ಕೊಕ್ಕರೆ ಕಂಡಿತು.

ಕೊಕ್ಕರೆ ನನ್ನದೇ. ಉಳಿದ ಯಾವುದೂ ನನ್ನದಲ್ಲ. ಕಾಂಡ್ಲದ ಎಲೆಗಳೆಲ್ಲ ಕಂಪ್ಯೂಟರಿನಲ್ಲಿ ಕಿತ್ತಳೆಯಾಗಿದ್ದವು, ಜಿಲೇಬಿಗೆ ಹಾಕುವ ಬಣ್ಣ. ಅಲ್ಲಲ್ಲಿ ಯಾವುದೋ ಫೋಟೋ ಸಿಡಿಯಿಂದ ತಂದ ಹಸ್ತದಾಕಾರದ ಎಲೆಗಳನ್ನು ಅಂಟಿಸಿದ್ದರು. ಕೆಸರಿನಿಂದ ಮೇಲೆದ್ದ ಉಸಿರುಬೇರುಗಳನ್ನು ಅಳಿಸಿ ಹಾಕಿದ್ದರು. ನೀರನ್ನೂ ಅಳಿಸಿ, ಅಲ್ಲಿಗೆ ತರಗೆಲೆ ಹಾಸಿದ್ದರು. ಮೀನು ಹಿಡಿಯಲು ಬಂದ ಬಡ ಕೊಕ್ಕರೆ ತರಗೆಲೆಯ ರಾಶಿಯಲ್ಲಿ ಮೊಣಕಾಲವರೆಗೆ ಹೂತು ನಿಂತಿತ್ತು! ಉಪ್ಪು? "ಎಲೆಗೆ ರೋಗ ಬಂದ ಹಾಗೆ ಕಾಣ್ತದೆ" ಎಂದೋ ಏನೋ ಅದನ್ನೂ ಒರೆಸಿ, ಮೇಲಿನಿಂದ ಬಿಳಿ ಹಿಮ ಉದುರಿಸಿದ್ದರು. ಕೆಳಗೆ ಅಚ್ಚುಕಟ್ಟಾಗಿ ಜಾಗದ ಹೆಸರು, ಅದರ ಪಕ್ಕ ನನ್ನ ಹೆಸರು.

ನನ್ನ ತಲೆ ಬಿಸಿಯಾಯಿತು ಎಂದರೆ ಸಾಲದು. ಪ್ರೂಫು ಹಿಡಿದುಕೊಂಡು ನೇರ ಮ್ಯಾನೇಜರ ಕ್ಯಾಬಿನ್ನಿಗೆ ನುಗ್ಗಿದೆ.

"ಇದೆಂಥದು ಸರ್?"

"ಎಂಥದು ಅಂದ್ರೆ? ನವೆಂಬರ್."

"ಎಲ್ಲಿಯ ನವೆಂಬರ್?"

"ಕೂತುಕೋ. ಕೂತುಕೊಂಡು ಮಾತಾಡು." ಅವರಿಗೆ ಸಿಟ್ಟು ಬಂದಿರಲಿಲ್ಲ, ಅದೇ ನನಗೆ ಇನ್ನಷ್ಟು ಸಿಟ್ಟು ಬರಿಸಿತು. "ನೋಡು, ಶರತ್ಕಾಲ ಅಂದ್ರೆ ಜನರ ತಲೆಯಲ್ಲಿ ಒಂದು ಚಿತ್ರ ಉಂಟು. ಅದು ಸಿಕ್ಕಿದ್ರೆ ಖುಷಿ. ನಿನ್ನ ಉಪ್ಪು, ಕೆಸರು ಯಾರಿಗೆ ಬೇಕು ಮಾರಾಯ?"

"ನೀವು ಕೇಳಿದ್ದೆಲ್ಲ ಅದರಲ್ಲಿ ಇತ್ತಲ್ಲ ಸರ್! ಮಂಜು ಇತ್ತು, ಹಳದಿ ಇತ್ತು, ಕೆಂಪು ಇತ್ತು. ಅದನ್ನು ಯಾಕೆ ಹಾಕಲಿಲ್ಲ?"

"ಇತ್ತು. ಹೇಳಿಕೊಟ್ಟರೆ ಕಾಣ್ತಿತ್ತು. ಗೋಡೆಯ ಪಕ್ಕ ನಿಂತು ನೀನು ದಿನಾ ಹೇಳಿಕೊಡ್ತೀಯಾ?"

"ಕೆಳಗೆ ಜಾಗದ ಹೆಸರು ಹಾಕಿದ್ದೀರಿ. ಯಾರಾದರೂ ಹೋಗಿ ನೋಡಿದರೆ?"

ಅವರು ನಕ್ಕರು. "ಕ್ಯಾಲೆಂಡರು ನೋಡಿ ಕೆಸರಿಗೆ ಹೋಗುವವರು ಯಾರು? ಕ್ಲೈಂಟಿನವರು ಸೈ ಅಂದಾಗಿದೆ. ಯಲ್ಲಾ, ಕೆಲಸ ನೋಡು. ನಿನ್ನ ಹೆಸರು ಹಾಕಿದ್ದೇನಲ್ಲ, ಇನ್ನೇನು ಬೇಕು?"

ಅದೇ ಮಾತು. ಅಲ್ಲಿಯವರೆಗೆ ನಾನು ಬಣ್ಣದ ಮೇಲೆ ಜಗಳವಾಡುತ್ತಿದ್ದೆ. ಹೆಸರೆಂದ ಕೂಡಲೇ ಕಣ್ಣು ಆ ಸಣ್ಣ ಅಕ್ಷರಗಳ ಮೇಲೆ ಹೋಯಿತು. ಎಷ್ಟು ಚೆಂದ ಅಚ್ಚಾಗಿತ್ತು! ಸುಳ್ಳು ಹೇಳುವುದಿಲ್ಲ, ಒಂದು ಗಳಿಗೆ ಕೈ ಹಿಂದೆ ಸರಿಯಿತು. ಊರಿನಲ್ಲಿ ಯಾರಿಗೆ ಗೊತ್ತಾಗುತ್ತದೆ, ಕತಾರಿನಲ್ಲಿ ಕಿತ್ತಳೆ ಕಾಡಿಲ್ಲವೆಂದು? ಎಲ್ಲರೂ ಮೆಚ್ಚಿಕೊಂಡಾರು. ಆದರೆ ನಮ್ಮ ಅಜ್ಜ ಹೇಳುತ್ತಿದ್ದ ಒಂದು ಮಾತುಂಟು, ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು. ಆ ಮರಗಳ ಎದುರು ಅಷ್ಟು ಬೆಳಗು ನಿಂತವನು ನಾನು. ಆ ಎಲೆಗಳನ್ನು ನೆಕ್ಕಿ ನೋಡಿದವನು. ಇದನ್ನು ನಾನು ಕಂಡದ್ದೆಂದು ನನ್ನ ಹೆಸರಿನಲ್ಲಿ ಸಾಕ್ಷಿ ಹೇಳುವುದೇ?

ಮ್ಯಾನೇಜರ ಮೇಜಿನ ಮೇಲಿದ್ದ ಕೆಂಪು ಪೆನ್ನು ಎತ್ತಿಕೊಂಡು ನನ್ನ ಹೆಸರಿನ ಮೇಲೆ ಗೆರೆ ಎಳೆದೆ. ಅದು ಪುಟದ ತುಂಬ ಕಾಣುವಷ್ಟು ದಪ್ಪಗೆ ಬಿತ್ತು.

"ಪಟ ನಿಮ್ಮದು ಸರ್. ಹೆಸರು ನನ್ನದು. ನನ್ನದನ್ನು ನನಗೆ ಬಿಡಿ."

ಈಗ ಅವರಿಗೆ ಸಿಟ್ಟು ಬಂತು. "ಒಂದು ಪುಟದಿಂದ ತೆಗೆಯಲಿಕ್ಕೆ ಆಗುವುದಿಲ್ಲ. ತೆಗೆದರೆ ಎಲ್ಲಾ ಪುಟದಿಂದ ತೆಗೆಯಬೇಕು. ಇನ್ನು ಮುಂದೆಯೂ ಹೆಸರು ಕೇಳಬೇಡ."

"ತೆಗೆಯಿರಿ."

ತೆಗೆದರು. ದುಖಾನಿನ ಗುಡ್ಡವೂ ಹೋಯಿತು, ಮರದ ಹಡಗೂ ಹೋಯಿತು. ಹೊಸ ವರ್ಷಕ್ಕೆ ಕ್ಯಾಲೆಂಡರು ಊರಿಡೀ ಹಂಚಿಹೋಯಿತು. ನಾನು ಒಂದನ್ನೂ ಮನೆಗೆ ತರಲಿಲ್ಲ.

ಜನವರಿಯ ಒಂದು ಸಂಜೆ ಅಲ್ ಥುಮಾಮಾದಲ್ಲಿರುವ ಒಬ್ಬ ಪೊರ್ಬುಗಳ ಮನೆಗೆ ಹೋಗಿದ್ದೆ. ನಮ್ಮ ಕಡೆ ಕ್ರಿಶ್ಚಿಯನ್ ಹಿರಿಯರನ್ನು ಪೊರ್ಬುಗಳು ಎಂದೂ ಅವರ ಹೆಂಡತಿಯನ್ನು ಬಾಯಮ್ಮ ಎಂದೂ ಕರೆಯುವ ರೂಢಿ. ಪೊರ್ಬುಗಳು ಒಂದು ಕಚೇರಿಯಲ್ಲಿ ಗುಮಾಸ್ತರು, ಮಿತಭಾಷಿ. ಬಾಯಮ್ಮ ಇಬ್ಬರ ಪಾಲಿನ ಮಾತನ್ನೂ ಆಡುತ್ತಾರೆ. ಊಟದ ಕೋಣೆಯ ಗೋಡೆಯಲ್ಲಿ ಅದೇ ಕ್ಯಾಲೆಂಡರು ತೂಗುತ್ತಿತ್ತು. ನಾನು ಅದಕ್ಕೆ ಬೆನ್ನು ಹಾಕಿ ಕೂತೆ.

"ಗೊತ್ತುಂಟಾ ಮಾರ್ರೆ, ಈ ಶುಕ್ರವಾರ ನಾವು ಕಾಡಿಗೆ ಹೋಗುವುದು," ಎಂದರು ಬಾಯಮ್ಮ. ಎದ್ದು ಹೋಗಿ ನವೆಂಬರ್ ಪುಟ ಮಗುಚಿ ತೋರಿಸಿದರು. "ಇಷ್ಟು ವರ್ಷ ಇಲ್ಲಿದ್ದೇವೆ, ಇಂಥ ಕಾಡು ಉಂಟೂಂತ ಯಾರಾದ್ರೂ ಹೇಳಿದ್ದಾರಾ? ಮರಳು ನೋಡಿ ನೋಡಿ ಕಣ್ಣು ಒಣಗಿತು. ಪಕ್ಕದ ಮನೆಯವರೂ ಬರ್ತಾರೆ. ನಿಮಗೆ ಆ ಜಾಗ ಗೊತ್ತುಂಟಾ?"

"ಜಾಗ ಗೊತ್ತುಂಟು ಬಾಯಮ್ಮ. ಆದರೆ ಹೀಗೆ ಇಲ್ಲ ಅದು."

"ಪಟ ಸುಳ್ಳು ಹೇಳ್ತದಾ? ಕಂಪನಿಯವರು ಹಾಕಿದ್ದು. ನೀವು ಬನ್ನಿ, ದಾರಿ ತೋರಿಸಿ ಸಾಕು."

ಎಷ್ಟು ಹೇಳಿದರೂ ಕೇಳಲಿಲ್ಲ. ಶುಕ್ರವಾರ ಬೆಳಗ್ಗೆ ಎರಡು ಗಾಡಿ ಜನ, ಇಡ್ಲಿ, ಕೋಳಿ ಸುಕ್ಕ, ಫ್ಲಾಸ್ಕಿನಲ್ಲಿ ಚಹಾ. ಬಾಯಮ್ಮ ಪಟಕ್ಕೆ ಒಪ್ಪುವಂತೆ ಕಿತ್ತಳೆ ಸ್ವೆಟರು ತೊಟ್ಟಿದ್ದರು. ಅಂದು ಮಂಜೂ ಇತ್ತು. ಇಳಿದರು. ಸುತ್ತ ನೋಡಿದರು. ಕೆಸರು, ಉಸಿರುಬೇರು, ಬೂದು ಹಸಿರು.

"ಇನ್ನು ಎಷ್ಟು ದೂರ?" ಎಂದರು ಬಾಯಮ್ಮ.

"ಇದೇ ಬಾಯಮ್ಮ."

"ಇದಾ? ಕಿತ್ತಳೆ ಮರ ಎಲ್ಲಿ?"

"ಇಲ್ಲ."

ಮುಖ ಕೆಂಪಾಯಿತು. "ಮೋಸ ಮಾರ್ರೆ! ಹಗಲು ದರೋಡೆ! ಆ ಪಟ ತೆಗೆದವನು ಒಮ್ಮೆ ನನ್ನ ಕೈಗೆ ಸಿಕ್ಕಲಿ..."

ಪೊರ್ಬುಗಳು ಚಹಾ ಬಗ್ಗಿಸುತ್ತ ನನ್ನ ಮುಖ ನೋಡಿದರು. ಬಾಯಿ ಮುಚ್ಚಿಕೊಂಡಿರಬಹುದಿತ್ತು. "ಸಿಕ್ಕಿದ್ದಾನೆ ಬಾಯಮ್ಮ," ಎಂದೆ. "ತೆಗೆದದ್ದು ನಾನೇ. ಬಣ್ಣ ಹಾಕಿದ್ದು ನಾನಲ್ಲ." ಅಲ್ಲೇ ನಿಂತುಕೊಂಡು ಎಲ್ಲವನ್ನೂ ಹೇಳಿದೆ. ಹೇಳುತ್ತ ಅವರನ್ನು ಆ ದಿಬ್ಬದ ಹತ್ತಿರಕ್ಕೆ ಕರೆದುಕೊಂಡು ಹೋದೆ. ಬಿಸಿಲು ಬರುವ ಹೊತ್ತಾಗಿತ್ತು. ಕಾಯಬೇಕೆಂದೆ. ಗೊಣಗುತ್ತ ಕಾದರು. ಒಂದು ಎಲೆ ಒಣಗಿತು, ಇನ್ನೊಂದು ಒಣಗಿತು. ಹಿಂದೆ ಕಾಡು ಮಂಜಿನಲ್ಲಿ ತೇಲುತ್ತಿತ್ತು.

ಬಾಯಮ್ಮ ಬೆರಳ ತುದಿಯಿಂದ ಬಿಳಿ ಹುಡಿ ತೆಗೆದು ನಾಲಗೆಗೆ ಇಟ್ಟುಕೊಂಡರು. "ದೇವರೇ, ಉಪ್ಪು!" ಆಮೇಲೆ ಎಲೆ ಮಗುಚಿ ನೋಡಿ, "ಇದು ನಮ್ಮ ಹೊಳೆಬದಿಯ ಕಾಂಡ್ಲ ಅಲ್ವಾ? ಸಣ್ಣದಿರುವಾಗ ಇದರ ಬುಡದಲ್ಲೇ ನಾವು ಏಡಿ ಹಿಡಿಯುತ್ತಿದ್ದದ್ದು," ಎಂದರು. ಪಕ್ಕದ ಎಲೆಯ ಹುಡಿಯನ್ನೂ ತೆಗೆದು ನಾಲಗೆಗೆ ಇಟ್ಟುಕೊಂಡರು. ಕೊನೆಗೆ ನನ್ನ ಕಡೆ ತಿರುಗಿದರು. ಸಿಟ್ಟು ಹೋಗಿರಲಿಲ್ಲ, ಆದರೆ ಈಗ ಅದು ನನ್ನ ಮೇಲಿರಲಿಲ್ಲ.

"ಇದನ್ನು ಯಾಕೆ ಹಾಕಲಿಲ್ಲ ಅವರು?"

"ನಾನೂ ಅದನ್ನೇ ಕೇಳಿದೆ."

"ನಿಮ್ಮ ಮ್ಯಾನೇಜರು ಯಾರು?"

ಹೆಸರು ಹೇಳಿದೆ.

"ಅವರಾ? ಪ್ರತಿ ಶುಕ್ರವಾರ ಪಾದ್ರಿಗಳ ಪೂಜೆಯಲ್ಲಿ ನಮ್ಮ ಎದುರಿನ ಸಾಲಿನಲ್ಲೇ ಕೂರುವುದಲ್ವಾ! ಇವತ್ತು ಸಂಜೆ ಸಿಗ್ತಾರೆ. ನೀವು ಒಂದು ಶಬ್ದ ಹೇಳಬೇಡಿ."

"ಬೇಡ ಬಾಯಮ್ಮ, ನನ್ನ ಕೆಲಸ..."

"ನಿಮ್ಮ ಹೆಸರು ನಾನು ಎತ್ತುವುದಿಲ್ಲ."

ಸಂಜೆ ನಡೆದದ್ದನ್ನು ಪೊರ್ಬುಗಳು ಆಮೇಲೆ ಫೋನಿನಲ್ಲಿ ಹೇಳಿದರು. ಪೂಜೆ ಮುಗಿದು ಊರವರೆಲ್ಲ ಹೊರಗೆ ಗುಂಪುಗುಂಪಾಗಿ ನಿಂತಿದ್ದ ಹೊತ್ತು. ಬಾಯಮ್ಮ ಕೆಸರು ಮೆತ್ತಿದ ಅದೇ ಸ್ವೆಟರಿನಲ್ಲಿ ಮ್ಯಾನೇಜರ ಎದುರಿಗೆ ಹೋಗಿ, ನಾಲ್ಕು ಜನಕ್ಕೆ ಕೇಳುವ ಹಾಗೆ, "ಎಂಥ ಮಾರ್ರೆ, ನೀವು ಕ್ಯಾಲೆಂಡರಿನಲ್ಲಿ ಹಾಕಿದ ಕಾಡು ನೋಡಲಿಕ್ಕೆ ಎರಡು ಗಾಡಿ ಜನ ಹೋಗಿ ಬಂದೆವು. ಅಲ್ಲಿ ಇಲ್ಲ. ಎಲ್ಲಿ ಇಟ್ಟಿದ್ದೀರಿ ಅದನ್ನು, ಆಫೀಸಿನಲ್ಲಾ?" ಎಂದು ಕೇಳಿದರಂತೆ. ಮ್ಯಾನೇಜರು ಕೆಮ್ಮಿದರಂತೆ. ಸುತ್ತ ನಿಂತವರು ನಗುತ್ತಿದ್ದರೆ ಬಾಯಮ್ಮ ಮಾತ್ರ ನಗಲಿಲ್ಲವಂತೆ, ಉತ್ತರ ಬರುವವರೆಗೆ ಅಲ್ಲೇ ನಿಂತಿದ್ದರಂತೆ.

ಶನಿವಾರ ಕಚೇರಿಗೆ ಕಾಲಿಟ್ಟದ್ದೇ ಕ್ಯಾಬಿನ್ನಿಗೆ ಕರೆ ಬಂತು.

"ನೀನು ಹೇಳಿಸಿದ್ದಾ?" ಎಂದರು ಮ್ಯಾನೇಜರು.

"ಇಲ್ಲ ಸರ್," ಎಂದೆ. "ಅವರು ಹೋಗಿ ನೋಡಿ ಬಂದದ್ದು."